ಪುಶರ್ ಮಾದರಿ ವಿಮಾನದ ಮೋಟರ್ ಕೋನವನ್ನು ಸರಿಪಡಿಸುವ ಬಗೆ

ರೇಡಿಯೋ ನಿಯಂತ್ರಣದಿಂದ ಹಾರಿಸುವ ಸಣ್ಣ ವಿಮಾನಗಳ ಪೈಕಿ, ಪ್ರೊಪೆಲ್ಲರ್ ಹಿಂದಿದ್ದು ವಿಮಾನವನ್ನು ಮುಂದಕ್ಕೆ ನೂಕುವ ಪುಶರ್ ಮಾದರಿಗಳಲ್ಲಿ ಮೋಟರ್ ಅನೇಕ ವೇಳೆ ರೆಕ್ಕೆಯ ಮೇಲ್ಭಾಗದ ಗೂಟವೊಂದರ ಮೇಲೆ, ಗುರುತ್ವ ಕೇಂದ್ರಕ್ಕಿಂತ ಎತ್ತರದಲ್ಲಿರುತ್ತದೆ. ಹಾಗಿರುವಾಗ ನೂಕುಬಲದ ರೇಖೆ ಗುರುತ್ವ ಕೇಂದ್ರದ ಮೇಲಿನಿಂದ ಹಾದುಹೋಗುವುದರಿಂದ, ಥ್ರಾಟಲ್ (ಮೋಟರಿಗೆ ಕೊಡುವ ಶಕ್ತಿ) ಏರಿಸಿದೊಡನೆ ಮೂಗು ಕೆಳಗೆ ಬಾಗುತ್ತದೆ ಮತ್ತು ಇಳಿಸಿದೊಡನೆ ಮೇಲೇಳುತ್ತದೆ. ಇದನ್ನು ಎಲಿವೇಟರ್ ಟ್ರಿಮ್‌ನಿಂದ, ಎಂದರೆ ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿಯನ್ನು ತುಸು ಓರೆಯಾಗಿ ನಿಲ್ಲಿಸಿ, ಸರಿಪಡಿಸಲು ಹೊರಟರೆ ಒಂದು ಥ್ರಾಟಲ್ ಮಟ್ಟಕ್ಕೆ ಮಾತ್ರ ಹಾರಾಟ ಹದವಾಗುತ್ತದೆ, ಉಳಿದ ಮಟ್ಟಗಳಲ್ಲಿ ತೊಂದರೆ ಹಾಗೆಯೇ ಉಳಿಯುತ್ತದೆ. ಸರಿಪಡಿಸಬೇಕಾದ ಜಾಗ ಮೋಟರ್ ಕೂರುವ ಕೋನ.

ಮೋಟರನ್ನು ಯಾವ ಕಡೆಗೆ ಬಾಗಿಸಬೇಕು ಎಂಬಲ್ಲಿ ಬಹಳ ಮಂದಿ ಗೊಂದಲಕ್ಕೆ ಬೀಳುತ್ತಾರೆ, ಏಕೆಂದರೆ ಮುಂದೆ ಪ್ರೊಪೆಲ್ಲರ್ ಇರುವ ವಿಮಾನಗಳ ರೂಢಿಯನ್ನು ಅವರು ತಲೆಕೆಳಗು ಮಾಡಲು ಯತ್ನಿಸುತ್ತಾರೆ. ಅದರ ಅಗತ್ಯವಿಲ್ಲ. ಮೋಟರ್ ಮುಂದಿರಲಿ, ಹಿಂದಿರಲಿ, ಶಾಫ್ಟಿನ ಪ್ರೊಪೆಲ್ಲರ್ ಇರುವ ತುದಿಯನ್ನು ಯಾವ ದಿಕ್ಕಿಗೆ ಬಾಗಿಸುತ್ತೀರೋ ಥ್ರಾಟಲ್ ಏರಿಸಿದಾಗ ವಿಮಾನದ ಮೂಗು ಅದೇ ದಿಕ್ಕಿಗೆ ತಿರುಗುತ್ತದೆ. ಪುಶರ್‌ನಲ್ಲಿ ಪ್ರೊಪೆಲ್ಲರ್ ತುದಿಯನ್ನು ಮೇಲಕ್ಕೆ ಎತ್ತಿದರೆ ನೂಕುಬಲ ಮುಂದಕ್ಕೂ ತುಸು ಕೆಳಕ್ಕೂ ಬೀಳುತ್ತದೆ. ಆ ಕೆಳಮುಖ ಬಲ ಗುರುತ್ವ ಕೇಂದ್ರದ ಹಿಂದೆ ಕೆಲಸಮಾಡುವುದರಿಂದ ಬಾಲ ಕೆಳಗಿಳಿದು ಮೂಗು ಮೇಲೇಳುತ್ತದೆ. ಆದ್ದರಿಂದ ಎತ್ತರದಲ್ಲಿ ಮೋಟರ್ ಇರುವ ಪುಶರ್‌ಗೆ ಬೇಕಾದದ್ದು ಮೇಲ್ಮುಖವಾದ ಪ್ರೊಪೆಲ್ಲರ್ ತುದಿ.

ಕೋನಕ್ಕೆ ಕೈಹಾಕುವ ಮೊದಲು ಗುರುತ್ವ ಕೇಂದ್ರ ಸರಿಯಾದ ಜಾಗದಲ್ಲಿದೆಯೇ, ರೆಕ್ಕೆ ತಿರುಚಿಕೊಂಡಿಲ್ಲವೇ ಎಂದು ನೋಡಿ. ಬಳಿಕ ಸಾಕಷ್ಟು ಎತ್ತರದಲ್ಲಿ ಮೋಟರ್ ನಿಲ್ಲಿಸಿ, ಟ್ರಾನ್ಸ್‌ಮಿಟರಿನ (ಕೈಯಲ್ಲಿರುವ ನಿಯಂತ್ರಕದ) ಕಡ್ಡಿಗಳನ್ನು ಮುಟ್ಟದೆಯೇ ವಿಮಾನ ಸಮನಾಗಿ ತೇಲುವಂತೆ ಟ್ರಿಮ್ ಮಾಡಿಕೊಳ್ಳಿ. ಈ ಹಂತವನ್ನು ಬಿಟ್ಟು ಮುಂದೆ ಹೋದವರು ಟ್ರಿಮ್‌ನ ದೋಷವನ್ನು ಮೋಟರ್‌ನ ತಲೆಗೆ ಕಟ್ಟುತ್ತಾರೆ.

ಈಗ ಅರ್ಧ ಥ್ರಾಟಲ್‌ನಲ್ಲಿ ನೇರವಾಗಿ ಹಾರಿಸುತ್ತಾ ಒಮ್ಮೆಗೇ ಪೂರ್ಣ ಥ್ರಾಟಲ್ ಕೊಟ್ಟು ಮೊದಲ ಒಂದು ಸೆಕೆಂಡನ್ನು ಮಾತ್ರ ಗಮನಿಸಿ. ಆ ಕ್ಷಣದಲ್ಲೇ ಮೂಗು ಬಾಗಿದರೆ ಅಥವಾ ಎದ್ದರೆ ಅದು ಕೋನದ ಪರಿಣಾಮ. ವೇಗ ಹೆಚ್ಚಿದಂತೆ ನಿಧಾನವಾಗಿ ಮೂಗು ಏರುತ್ತಾ ಹೋದರೆ ಅದಕ್ಕೆ ಕಾರಣ ರೆಕ್ಕೆ ಮತ್ತು ಬಾಲದ ನಡುವಿನ ಕೋನ ಹಾಗೂ ಗುರುತ್ವ ಕೇಂದ್ರ. ಅದನ್ನು ಮೋಟರ್ ತಿರುಗಿಸಿ ಗುಣಪಡಿಸಲಾಗದು. ಥ್ರಾಟಲನ್ನು ಒಮ್ಮೆಗೇ ಇಳಿಸಿಯೂ ಇದೇ ಪರೀಕ್ಷೆ ಮಾಡಿ. ಗಾಳಿಯ ಹೊಡೆತ ಕಣ್ಣನ್ನು ವಂಚಿಸದಂತೆ ಶಾಂತ ವಾತಾವರಣದಲ್ಲಿ ಹಲವು ಬಾರಿ ನೋಡುವುದು ಒಳ್ಳೆಯದು.

ಎಷ್ಟು ಬಾಗಿಸಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಗುರುತ್ವ ಕೇಂದ್ರದಿಂದ ಪ್ರೊಪೆಲ್ಲರ್ ಎಷ್ಟು ಎತ್ತರದಲ್ಲಿದೆ, ಎಷ್ಟು ಹಿಂದಿದೆ ಎಂದು ಅಳೆಯಿರಿ. ಎತ್ತರವನ್ನು ಹಿಂದಿನ ದೂರದಿಂದ ಭಾಗಿಸಿದಾಗ ಬರುವುದು ಬೇಕಾದ ಕೋನದ ಟ್ಯಾಂಜೆಂಟ್. 30 ಮಿ.ಮೀ. ಎತ್ತರ, 200 ಮಿ.ಮೀ. ಹಿಂದೆ ಇದ್ದರೆ 0.15, ಅಂದರೆ ಸುಮಾರು 8.5 ಡಿಗ್ರಿ. ಅಷ್ಟು ಬಾಗಿದಾಗ ನೂಕುಬಲದ ರೇಖೆ ಗುರುತ್ವ ಕೇಂದ್ರದ ಮೂಲಕವೇ ಹಾದುಹೋಗುತ್ತದೆ, ಮತ್ತು ಮುಂದಕ್ಕೆ ನೂಕುವ ಬಲದಲ್ಲಿ ಆಗುವ ನಷ್ಟ ಶೇಕಡಾ 1ರಷ್ಟು ಮಾತ್ರ. ಆದರೂ ಲೆಕ್ಕ ಹೇಳಿದಷ್ಟನ್ನೂ ಒಮ್ಮೆಗೇ ಕೊಡಬಾರದು. ಪ್ರೊಪೆಲ್ಲರಿನ ಗಾಳಿ ಬಾಲಕ್ಕೆ ಬಡಿಯುವ ವಿಮಾನಗಳಲ್ಲಿ ಆ ಗಾಳಿಯೂ ಮೂಗನ್ನು ಏರಿಸುವ ಅಥವಾ ಇಳಿಸುವ ಕೆಲಸ ಮಾಡುತ್ತದೆ, ಮತ್ತು ಅದು ಈ ಲೆಕ್ಕದೊಳಗೆ ಇಲ್ಲ. ಅರ್ಧದಿಂದ ಆರಂಭಿಸಿ, ಹಾರಿಸಿ ನೋಡಿ, ಒಂದೊಂದೇ ಡಿಗ್ರಿ ಹೆಚ್ಚಿಸುತ್ತಾ ಹೋಗುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ. ಮೋಟರ್ ಗುರುತ್ವ ಕೇಂದ್ರದ ಹೆಚ್ಚುಕಡಿಮೆ ನೇರ ಮೇಲೆಯೇ ಇದ್ದರೆ ಕೋನದಿಂದ ಹೆಚ್ಚೇನೂ ಆಗದು. ಅಲ್ಲಿ ಗೂಟದ ಎತ್ತರವನ್ನೇ ತಗ್ಗಿಸಬೇಕಾಗುತ್ತದೆ.

ಮೇಜಿನ ಮೇಲಿನ ಕೆಲಸಕ್ಕೆ ಮೊದಲು ಪ್ರೊಪೆಲ್ಲರನ್ನು ಕಳಚಿಡಿ. ಮೋಟರ್ ಕೂರುವ ಹಲಗೆಯ ಹಿಂಬದಿಗೆ ಮೋಟರ್ ಬಿಗಿದಿದ್ದರೆ, ಕೆಳಗಿನ ಸ್ಕ್ರೂಗಳಲ್ಲಿ ಹಲಗೆಗೂ ಮೋಟರಿಗೂ ನಡುವೆ ವಾಷರ್ ಇಟ್ಟಾಗ ಪ್ರೊಪೆಲ್ಲರ್ ತುದಿ ಮೇಲಕ್ಕೆ ಏಳುತ್ತದೆ. ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 25 ಮಿ.ಮೀ. ಅಂತರವಿದ್ದರೆ 1 ಮಿ.ಮೀ. ದಪ್ಪದ ವಾಷರ್ ಸುಮಾರು 2.3 ಡಿಗ್ರಿ ಕೊಡುತ್ತದೆ. ಅಂತರ 19 ಮಿ.ಮೀ. ಆದರೆ ಅದೇ ವಾಷರ್ 3 ಡಿಗ್ರಿ ಕೊಡುತ್ತದೆ. ವಾಷರ್ ಸೇರಿಸಿದಷ್ಟು ಸ್ಕ್ರೂವಿನ ಹಿಡಿತ ಕಡಿಮೆಯಾಗುವುದರಿಂದ ಉದ್ದದ ಸ್ಕ್ರೂ ಬೇಕಾಗಬಹುದು, ಆದರೆ ಅದರ ತುದಿ ಮೋಟರ್ ಒಳಗಿನ ತಾಮ್ರದ ಸುರುಳಿಗೆ ತಾಗಿದರೆ ಮೋಟರ್ ಹಾಳಾಗುತ್ತದೆ, ಹೀಗಾಗಿ ಅಳೆದೇ ಆರಿಸಿ. ಸ್ಕ್ರೂಗಳಿಗೆ ಲಾಕ್ ಅಂಟು ಹಚ್ಚಿ. ಗೂಟವೇ ಫೋಮ್‌ನದಾಗಿದ್ದರೆ ಪೂರ್ಣ ಥ್ರಾಟಲ್‌ನಲ್ಲಿ ಅದು ಬಾಗಿ, ನೀವು ಎಚ್ಚರದಿಂದ ಕೊಟ್ಟ ಕೋನ ಹಾರಾಟದಲ್ಲಿ ಬೇರೆಯೇ ಆಗುತ್ತದೆ. ಮೊದಲು ಗೂಟವನ್ನು ಗಟ್ಟಿಗೊಳಿಸಿ. ಪ್ರೊಪೆಲ್ಲರನ್ನು ಮರಳಿ ಜೋಡಿಸಿದ ಮೇಲೆ ಅದನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಒಡಲಿಗೂ ರೆಕ್ಕೆಯ ಹಿಂಬದಿಯ ಅಂಚಿಗೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಪಕ್ಕದ ಕೋನಕ್ಕೂ ಇದೇ ನಿಯಮ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತಿದ್ದರೆ, ಕಡಿಮೆ ವೇಗದಲ್ಲಿ ಹೆಚ್ಚು ಥ್ರಾಟಲ್ ಕೊಟ್ಟಾಗ ವಿಮಾನ ಎಡಕ್ಕೆ ಹೊರಳಲು, ತಿರುಗಲು ನೋಡುತ್ತದೆ. ತಿರುಗುವುದನ್ನು ತಡೆಯಲು ಪ್ರೊಪೆಲ್ಲರ್ ತುದಿಯನ್ನು ಬಲಕ್ಕೆ ಬಾಗಿಸಬೇಕು, ಎಂದರೆ ಹಿಂದಿನಿಂದ ನೋಡಿದಾಗ ಎಡಬದಿಯ ಸ್ಕ್ರೂಗಳಿಗೆ ವಾಷರ್ ಸೇರಿಸಬೇಕು. 1–2 ಡಿಗ್ರಿಯಿಂದ ಆರಂಭಿಸಿದರೆ ಸಾಕು. ಅಳೆಯಲು ಪ್ರೊಪೆಲ್ಲರನ್ನು ಅಡ್ಡಲಾಗಿ ನಿಲ್ಲಿಸಿ ಒಂದು ತುದಿಯಿಂದ ಮೂಗಿನ ನಡುಬಿಂದುವಿಗೆ ಇರುವ ದೂರ ನೋಡಿ, ಅದೇ ತುದಿಯನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. 200 ಮಿ.ಮೀ. ವ್ಯಾಸದ ಪ್ರೊಪೆಲ್ಲರಿನಲ್ಲಿ ಪ್ರತಿ ಡಿಗ್ರಿಗೆ ಸುಮಾರು 3.5 ಮಿ.ಮೀ. ವ್ಯತ್ಯಾಸ ಕಾಣುತ್ತದೆ.

ಟ್ರಾನ್ಸ್‌ಮಿಟರಿನಲ್ಲಿ ಥ್ರಾಟಲಿಗೆ ಎಲಿವೇಟರನ್ನು ಬೆರೆಸಿ, ಎಂದರೆ ಥ್ರಾಟಲ್ ಬದಲಾದಾಗ ಎಲಿವೇಟರ್ ತಾನಾಗಿಯೇ ಅಲುಗುವಂತೆ ಮಾಡಿ, ಇದೇ ಫಲ ಪಡೆಯಬಹುದೆಂದು ಹೇಳುವವರಿದ್ದಾರೆ. ಕೊನೆಯ ಸಣ್ಣ ತಿದ್ದುಪಡಿಗೆ ಅದು ಸರಿ, ಆದರೆ ಕೋನದ ಬದಲಿಗೆ ಅದನ್ನು ನಂಬಬಾರದು. ಕೈಯಿಂದ ಎಸೆದು ಹಾರಿಸುವ ಗಳಿಗೆಯಲ್ಲಿ ನೂಕುಬಲ ಅತಿ ಹೆಚ್ಚು, ವೇಗ ಅತಿ ಕಡಿಮೆ. ವೇಗವಿಲ್ಲದ ಎಲಿವೇಟರಿಗೆ ಮೂಗನ್ನು ಎತ್ತಿಹಿಡಿಯುವ ಶಕ್ತಿ ಇರುವುದಿಲ್ಲ. ಮೋಟರ್ ಕೋನದ ಪರಿಣಾಮವಾದರೋ ನೂಕುಬಲದ ಜೊತೆಗೇ ಹೆಚ್ಚುತ್ತದೆ, ಜೊತೆಗೇ ಇಳಿಯುತ್ತದೆ. ಕೋನ ಬದಲಿಸಿದ ನಂತರದ ಮೊದಲ ಎಸೆತದಲ್ಲಿ ಪೂರ್ಣ ಥ್ರಾಟಲ್ ಬೇಡ. ಕೈಯ ಹಿಂದೆಯೇ ಪ್ರೊಪೆಲ್ಲರ್ ಇರುವ ಮಾದರಿಗಳಲ್ಲಿ ವಿಮಾನ ಕೈಯಿಂದ ಬಿಟ್ಟುಹೋದ ಮೇಲೆಯೇ ಥ್ರಾಟಲ್ ಏರಿಸಿ, ಸುರಕ್ಷಿತ ಎತ್ತರಕ್ಕೆ ಹೋದ ಬಳಿಕ ಒಂದು ಸೆಕೆಂಡಿನ ಪರೀಕ್ಷೆಯನ್ನು ಮತ್ತೆ ಮಾಡಿ.