ಕೌದಿಯ ತುಂಡುಗಳನ್ನು ಮಷಿನ್ನಿಗೆ ಸುರಿಯಬೇಡಿ

ಈಗಿನ ಹುಡುಗಿಯರು ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯಲು ಕೂತಿರುವುದನ್ನು ನೋಡಿದರೆ ಜೀವಕ್ಕೆ ಹಿತವಾಗುತ್ತದೆ. ಆದರೆ ಟೇಲರ್ ಅಂಗಡಿಯಿಂದ ತಂದ ತುಂಡು, ಕಟ್ಟಿನಲ್ಲಿ ಬರುವ ಐದಿಂಚಿನ ಚೌಕ, ಎಲ್ಲವನ್ನೂ ಒಂದು ಹಿಡಿ ಪೌಡರಿನ ಜೊತೆ ವಾಷಿಂಗ್ ಮಷಿನ್ನಿಗೆ ಸುರಿದು ಬಟನ್ ಒತ್ತುವುದನ್ನು ಕಂಡರೆ ಕೈ ಹಿಡಿದು ನಿಲ್ಲಿಸಬೇಕು ಅನಿಸುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಬಾಗಿಲು ತೆಗೆದರೆ ಒಳಗೆ ದಾರದ ಗಂಟು. ಅದನ್ನು ಬಿಡಿಸಲು ಎಳೆದಷ್ಟೂ ತುಂಡು ಸಣ್ಣದಾಗುತ್ತದೆ. ಕೊನೆಗೆ "ತುಂಡು ಒಗೀಬಾರದು ಬಿಡ್ರಿ" ಅಂತ ತೀರ್ಮಾನ. ಒಗೆಯಬೇಕು ತಂಗೀ. ಒಗೆಯುವ ರೀತಿ ಬೇರೆ, ಅಷ್ಟೇ.

ಯಾಕೆ ಒಗೆಯಬೇಕು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಮೊದಲೆಲ್ಲ ಕೌದಿಗೆ ಹಾಕುತ್ತಿದ್ದದ್ದು ಉಟ್ಟು ಸವೆದ ಸೀರೆ, ಧೋತರ, ಮಕ್ಕಳ ಹಳೇ ಅಂಗಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬಂದು ಮುಗಿಸುವ ಕೌದಿಯಲ್ಲೂ ಹಳೇ ಅರಿವೆಯೇ ಇರುತ್ತದೆ. ನೂರು ಸಲ ನೀರು ಕಂಡ ಬಟ್ಟೆ ಇನ್ನೇನು ಕುಗ್ಗೀತು, ಇನ್ನೆಷ್ಟು ಬಣ್ಣ ಬಿಟ್ಟೀತು? ಈಗ ನೀವು ಹಾಕುತ್ತಿರುವುದು ಅರ್ಧ ಹಳೆಯದು, ಅರ್ಧ ಹೊಸದು. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗುತ್ತದೆ, ಅಡ್ಡ ಎಳೆಯ ಹೊಕ್ಕಿಗಿಂತ ಉದ್ದ ಎಳೆಯ ಹಾಸಿನ ಕಡೆಗೆ ಹೆಚ್ಚು. ಪಕ್ಕದಲ್ಲಿರುವ ಅಮ್ಮನ ಹಳೇ ಸೀರೆಯ ತುಂಡು ಕುಗ್ಗುವುದಿಲ್ಲ. ಹೊಲಿದಾದ ಮೇಲೆ ಮೊದಲ ಸಲ ಒಗೆದಾಗ ಒಂದು ಎಳೆಯುತ್ತದೆ, ಇನ್ನೊಂದು ಗುಳ್ಳೆಯ ಹಾಗೆ ಉಬ್ಬುತ್ತದೆ, ಸವೆದ ಬಟ್ಟೆ ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ. ಬಣ್ಣದ ಕಾಟ ಬೇರೆ: ಒಂದು ಕೆಂಪು ತುಂಡು ಸಾಕು, ಹತ್ತು ಬಿಳಿ ತುಂಡು ಕೆಡಿಸಲು. ಕೂಸಿಗೆ ಅಂತ ಹೊಲಿಯುವ ಕೌದಿಯಾದರೆ ಮಿಲ್ಲಿನ ಗಂಜಿ, ಬಿಡಿ ಬಣ್ಣ ಎಲ್ಲ ಮೊದಲೇ ಹೋಗಿರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಎಳೆ ಬಿಡುವುದು ಯಾಕೆ? ಒಂದು ಮೀಟರ್ ಬಟ್ಟೆ, ಪನ್ನ, ಅಂದರೆ ಅಗಲ, 44 ಇಂಚು ಅಂತ ಇಟ್ಟುಕೊಳ್ಳಿ. ಎರಡು ಬದಿಗೆ ನೇಯ್ದ ಅಂಚಿದೆ, ಕತ್ತರಿ ಬಿದ್ದದ್ದು ಎರಡು ಕಡೆ ಮಾತ್ರ, ಒಟ್ಟು 88 ಇಂಚು. ಅದನ್ನೇ ಐದಿಂಚಿನ ಚೌಕ ಮಾಡಿದರೆ 56 ತುಂಡು ಬರುತ್ತವೆ. ಒಂದೊಂದಕ್ಕೂ 20 ಇಂಚು ಕತ್ತರಿಸಿದ ಅಂಚು, ಒಟ್ಟು 1,120 ಇಂಚು. ಅಷ್ಟುದ್ದದ ಅಂಚಿನ ಎಳೆಗಳಿಗೆ ಹೊರಗಡೆ ಹಿಡಿದುಕೊಳ್ಳುವ ಆಸರೆ ಇಲ್ಲ. ಮಷಿನ್ನಿನಲ್ಲಿ ತುಂಡಿಗೆ ತುಂಡು ಉಜ್ಜಿದಾಗ ಅವೇ ಮೊದಲು ಹೊರಬಂದು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಅಂಗಡಿಯ ಕಟ್ಟಿನ ತುಂಡಿಗೆ ಗರಗಸದ ಹಲ್ಲಿನ ಹಾಗೆ ಅಂಚು ಕತ್ತರಿಸಿರುತ್ತಾರಲ್ಲ, ಅದು ಕೈಯಲ್ಲಿ ಹಿಡಿದು ಹೊಲಿಯುವವರೆಗೆ ಸಾಕು, ಮಷಿನ್ನಿನ ಏಟಿಗೆ ಸಾಲದು. ಆದ್ದರಿಂದ ಬಟ್ಟೆ ಇಡಿಯಾಗಿ ಸಿಕ್ಕರೆ ಇಡಿಯಾಗಿಯೇ ಒಗೆದು, ಆಮೇಲೆ ಕತ್ತರಿಸಿ. ತುಂಡಾಗಿಯೇ ಬಂದದ್ದಕ್ಕೆ ಮಾತ್ರ ಮುಂದಿನ ಕೆಲಸ.

ಮೊದಲು ಬಣ್ಣ ವಿಂಗಡಿಸಿ. ಬಿಳಿ ಮತ್ತು ತಿಳಿ ಬಣ್ಣ ಒಂದು ಗುಂಪು, ಹಸಿರು ಹಳದಿ ಒಂದು, ಕೆಂಪು ಮರೂನು ಒಂದು, ಕಡುನೀಲಿ ಕಪ್ಪು ಒಂದು. ಯಾವುದರ ಮೇಲಾದರೂ ಅನುಮಾನವಿದ್ದರೆ ಒದ್ದೆ ಮಾಡಿದ ಬಿಳಿ ಬನಿಯನ್ ಚೂರಿನ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಕಲೆ ಬಿತ್ತೋ, ಅದನ್ನು ಬೇರೆ ಇಡಿ.

ಆಮೇಲೆ ಪ್ರತಿ ತುಂಡಿನ ನಾಲ್ಕೂ ಮೂಲೆಯನ್ನು ಕತ್ತರಿಯ ತುದಿಯಿಂದ ಚಿವುಟಿದ ಹಾಗೆ ಕತ್ತರಿಸಿ. ಎಳ್ಳಿಗಿಂತ ಸ್ವಲ್ಪ ದೊಡ್ಡ ಚೂರು, ಅಷ್ಟೇ. ಎರಡೂ ದಿಕ್ಕಿನ ಎಳೆ ಒಟ್ಟಿಗೆ ಸಡಿಲಾಗುವುದು ಮೂಲೆಯಲ್ಲಿ, ಗಂಟು ಶುರುವಾಗುವುದೂ ಅಲ್ಲೇ. ಓರೆಯಾಗಿ ಕತ್ತರಿಸಿದ ಕಡೆ ಎಳೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಈ ಕಚ್ಚು ಹೊಲಿಗೆಯ ಒಳಗೆ ಮುಚ್ಚಿಹೋಗುತ್ತದೆ, ಹೆದರಬೇಡಿ.

ಈಗ ತುಂಡುಗಳನ್ನು ಅಲುಗದಂತೆ ಹಿಡಿದಿಡುವ ಬಲೆಯ ಹಾಸಿಗೆ. ಇದೊಂದನ್ನು ಮಾತ್ರ ಬೇಸರ ಮಾಡಿಕೊಳ್ಳದೆ ಮಾಡಿ. ಹಳೇ ನೈಲಾನ್ ಸೊಳ್ಳೆ ಪರದೆ ಮನೆಯಲ್ಲಿ ಎಲ್ಲಿಯಾದರೂ ಇದ್ದೇ ಇರುತ್ತದೆ. ಅದರಲ್ಲಿ ಎರಡು ಅಡಿ ಅಗಲ, ಎರಡೂವರೆ ಅಡಿ ಉದ್ದದ ಎರಡು ಹಾಳೆ ಕತ್ತರಿಸಿ. ಹತ್ತಿಯ ಪರದೆ ಬೇಡ, ಅದೂ ಕುಗ್ಗಿ ಒಳಗಿನ ತುಂಡನ್ನು ಸುಕ್ಕುಗಟ್ಟಿಸುತ್ತದೆ. ಒಂದು ಹಾಳೆಯನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು, ಹೀಗೆ 20 ಚೌಕ ಜೋಡಿಸಿ. ತುಂಡಿಗೂ ತುಂಡಿಗೂ ನಡುವೆ ಒಂದು ಬೆರಳಿನ ಸಂದು ಇರಲಿ. ಒಂದರ ಮೇಲೊಂದು ಹತ್ತಬಾರದು, ಹತ್ತಿದ ಕಡೆ ಸಾಬೂನು ಉಳಿಯುತ್ತದೆ, ಬಣ್ಣವೂ ಅಂಟುತ್ತದೆ. ಮೇಲೆ ಎರಡನೇ ಹಾಳೆ ಹೊದಿಸಿ. ಇನ್ನು ಉದ್ದ ಸೂಜಿ, ಬಿಳೀ ದಾರ ತೆಗೆದುಕೊಂಡು ಸಂದುಗಳಲ್ಲೇ ಕಚ್ಚಾ ಹೊಲಿಗೆ ಹಾಕುತ್ತ ಹೋಗಿ: ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಕೊನೆಗೆ ಸುತ್ತ. ಹೊಲಿಗೆ ಒಂದೊಂದು ಇಂಚು ಉದ್ದವಿದ್ದರೂ ಸಾಕು. ಸೂಜಿ ತುಂಡನ್ನು ಚುಚ್ಚಬಾರದು, ಬಲೆಯನ್ನು ಮಾತ್ರ ಹಿಡಿಯಬೇಕು. ಕೊನೆಗೆ ಗಂಟು ಹಾಕಬೇಡಿ, ಒಂದು ಹೊಲಿಗೆ ಹಿಂದಕ್ಕೆ ಹಾಕಿ ನಾಲ್ಕು ಬೆರಳು ದಾರ ಬಿಡಿ. ಬಿಚ್ಚುವಾಗ ಆ ತುದಿ ಹಿಡಿದು ಎಳೆದರೆ ಇಡೀ ಸಾಲು ಬರುತ್ತದೆ. ಬಣ್ಣದ ದಾರ ಬೇಡವೇ ಬೇಡ, ಒದ್ದೆಯಾದರೆ ಅದೇ ಗೆರೆ ಮೂಡಿಸೀತು.

ಇಷ್ಟಾದರೆ ಪ್ರತಿ ತುಂಡಿಗೂ ಅದರದೇ ಕೋಣೆ ಸಿಕ್ಕಿತು. ನೀರು ಒಳಗೆ ಹೊರಗೆ ಓಡಾಡುತ್ತದೆ, ತುಂಡು ಮಾತ್ರ ಅಲುಗುವುದಿಲ್ಲ, ಅಂಚಿಗೆ ಅಂಚು ಉಜ್ಜುವುದಿಲ್ಲ. ಜಾಲರಿ ಚೀಲ ಸಾಕಲ್ಲ ಅನ್ನುತ್ತೀರಿ. ಸಾಲದು. ಚೀಲದ ಒಳಗೆ ತುಂಡುಗಳು ತಮ್ಮತಮ್ಮಲ್ಲೇ ಉಜ್ಜಾಡಿ ಮುದ್ದೆಯಾಗುತ್ತವೆ, ಎಳೆಗಳು ಚೀಲ ಬಿಟ್ಟು ಹೊರಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಒಂದು ಬಲೆ ಹೊಲಿಯಲು ಅರ್ಧ ಗಂಟೆ ಹಿಡಿಯುತ್ತದೆ. ಅಂಗಡಿಯ ಕಟ್ಟಿನಲ್ಲಿ 40 ತುಂಡು ಇದ್ದರೆ ಎರಡು ಬಲೆ ಬೇಕು, ಬಣ್ಣದ ಗುಂಪು ಹೆಚ್ಚಿದ್ದರೆ ಬಲೆಯೂ ಹೆಚ್ಚು. ಮಷಿನ್ನಿನಿಂದ ತೆಗೆದ ಗಂಟು ಬಿಡಿಸುತ್ತ ಕಳೆಯುವ ಮಧ್ಯಾಹ್ನಕ್ಕಿಂತ ಇದು ಎಷ್ಟೋ ಕಡಿಮೆ.

ಅಗಲವಾದ ಟಬ್ಬಿಗೆ ಬಿಸಿ ನೀರು ಹಾಕಿ. ಕೈ ಇಟ್ಟರೆ ಸುರ್ರೆನ್ನಬೇಕು, ತೆಗೆಯುವಂತಾಗಬಾರದು. ತಣ್ಣೀರಿನಲ್ಲಿ ಬಟ್ಟೆ ಪೂರ್ತಿ ಕುಗ್ಗುವುದಿಲ್ಲ, ಹೆಚ್ಚಿನ ಬಣ್ಣವೂ ಬಿಡುವುದಿಲ್ಲ, ಆಮೇಲೆ ಕೌದಿಯಲ್ಲಿ ಬಿಡುತ್ತದೆ. ಸಾಬೂನಿಗೆ ಏಳೆಂಟು ಅಂಟುವಾಳದ ಕಾಯಿ ರಾತ್ರಿ ನೆನೆಸಿ ಕಿವುಚಿ ಸೋಸಿದ ನೀರು ಒಳ್ಳೆಯದು. ಇಲ್ಲದಿದ್ದರೆ ದ್ರವ ಸಾಬೂನು ಅರ್ಧ ಚಮಚ. ಪೌಡರ್ ಹಾಕಿದರೆ ಕರಗದ ಕಣ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ.   

ಬಲೆಯನ್ನು ಪುಸ್ತಕದ ಹಾಗೆ ಒಂದೇ ಮಡಿಕೆ ಮಡಚಿ ನೀರಿಗಿಳಿಸಿ, ಹದಿನೈದು ನಿಮಿಷ ಬಿಡಿ. ಉಜ್ಜುವುದು, ಕುಕ್ಕುವುದು, ಹಿಂಡುವುದು ಯಾವುದೂ ಇಲ್ಲ. ಎರಡೂ ಅಂಗೈ ಬಿಡಿಸಿ ಮೇಲಿಟ್ಟು ಒತ್ತಿ, ಬಿಡಿ, ಒತ್ತಿ, ಬಿಡಿ. ಇಪ್ಪತ್ತು ಸಲ ಸಾಕು. ಎತ್ತುವಾಗ ಮೂಲೆ ಹಿಡಿಯದೆ ಅಡಿಗೆ ಎರಡೂ ಕೈ ಕೊಟ್ಟು ಎತ್ತಿ, ಓರೆಯಾಗಿಟ್ಟ ಮಣೆಯ ಮೇಲೆ ಬಸಿಯಲು ಹಾಕಿ. ನೀರು ಬದಲಿಸಿ ಮತ್ತೆ ಅದ್ದಿ. ಬಿಳಿ ಬಟ್ಟಲಲ್ಲಿ ನೀರು ಹಿಡಿದು ನೋಡಿದರೆ ಬಣ್ಣ ಕಾಣಬಾರದು. ತಿಳಿ ಬಣ್ಣಕ್ಕೆ ಎರಡು ನೀರು ಆಗುತ್ತದೆ. ಕೆಂಪಿಗೆ, ಕಡುನೀಲಿಗೆ ಐದಾರು ನೀರಾದರೂ ಬೇಕಾಗಬಹುದು. ಆರು ನೀರಿಗೂ ತಿಳಿಯಾಗದ ತುಂಡನ್ನು ಕೌದಿಗೆ ಹಾಕಬೇಡಿ, ಎಷ್ಟೇ ಚೆಂದವಿರಲಿ.

ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬಣ್ಣದ ಹಂಡೆಯಲ್ಲಿ ಬಟ್ಟೆ ಅದ್ದುವಾಗ ಉಪ್ಪಿಗೆ ಕೆಲಸವಿದೆ. ಬಣ್ಣ ಏರಿ ಮಾರಾಟಕ್ಕೆ ಬಂದ ಬಟ್ಟೆಯಲ್ಲಿ ಬಿಡಿಯಾಗಿ ಕೂತ ಬಣ್ಣವನ್ನು ಉಪ್ಪು ಕಟ್ಟಿಹಾಕಲಾರದು. ಉಪ್ಪುನೀರಿನಲ್ಲಿ ಬಣ್ಣ ಕಡಿಮೆ ಬಿಡುವುದರಿಂದ ನೀರು ತಿಳಿಯಾಗಿ ಕಂಡು ನೀವು ಮೋಸ ಹೋಗುತ್ತೀರಿ, ಮುಂದೆ ಸಾದಾ ನೀರು ಕಂಡಾಗ ಅದು ಹೊರಬರುತ್ತದೆ. ಹೊರಬರುವ ಬಣ್ಣ ಈಗಲೇ ಬರಲಿ. ವಿನೆಗರಿನ ಮಾತೂ ಅಷ್ಟೇ.

ಕೊನೆಯ ನೀರು ಗಂಜಿಯದು. ಮಿಲ್ಲಿನ ಗಂಜಿ ಹೋದ ತುಂಡು ಮೆತ್ತಗಾಗಿ, ಅಳತೆಪಟ್ಟಿ ಇಟ್ಟರೆ ಜಾರುತ್ತದೆ, ಓರೆಗೆ ಎಳೆದರೆ ಚೌಕ ಗಾಳಿಪಟದ ಆಕಾರವಾಗುತ್ತದೆ. ಅನ್ನ ಬಸಿದ ಗಂಜಿ ಒಂದು ಸೌಟಿಗೆ ನಾಲ್ಕು ಸೌಟು ನೀರು ಸೇರಿಸಿ ತೆಳು ಬಟ್ಟೆಯಲ್ಲಿ ಸೋಸಿ, ಬಲೆ ಸಮೇತ ಅದ್ದಿ ತೆಗೆಯಿರಿ. ಎಲ್ಲರೂ ಕುಕ್ಕರಿಗೆ ಬಿದ್ದು ಗಂಜಿ ಬಸಿಯುವುದೇ ನಿಂತುಹೋಗಿದೆ. ಹಾಗಿದ್ದರೆ ಒಂದು ಚಮಚ ಮೈದಾ ತಣ್ಣೀರಲ್ಲಿ ಕಲಸಿ, ಕುದಿಯುವ ಒಂದು ತಂಬಿಗೆ ನೀರಿಗೆ ಹಾಕಿ ತಿರುವಿ. ಗಂಟಾದರೆ ಬಟ್ಟೆಯ ಮೇಲೆ ಬಿಳಿ ಪೊರೆ ಕೂರುತ್ತದೆ, ಸೋಸುವುದು ಮರೆಯಬೇಡಿ. ಗಂಜಿ ಹಾಕಿದ ತುಂಡನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಟ್ಟರೆ ಜಿರಲೆ, ಹುಳ ಬರುತ್ತವೆ, ಬೇಗ ಹೊಲಿದು ಮುಗಿಸಿ.

ಒದ್ದೆ ಬಲೆಯನ್ನು ದಪ್ಪ ಟವೆಲಿನ ಮೇಲೆ ಹಾಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ಮೇಲಿಂದ ಒತ್ತಿ. ಆಮೇಲೆ ಹೊರಸಿನ (ಮಂಚದ) ಮೇಲೆ ನೆರಳಿನಲ್ಲಿ ಬಿಡಿಸಿ ಹಾಕಿ. ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದರೆ ನೀರಿನ ಭಾರಕ್ಕೆ ಮೂಲೆ ಜಗ್ಗುತ್ತದೆ. ಮುಕ್ಕಾಲು ಒಣಗಿದಾಗ, ಕೆನ್ನೆಗೆ ಮುಟ್ಟಿಸಿದರೆ ತಂಪೆನಿಸುವ ಹೊತ್ತಿಗೆ, ದಾರ ಎಳೆದು ಬಲೆ ಬಿಚ್ಚಿ. ಬಲೆಯ ಮೇಲೆಯೇ ಇಸ್ತ್ರಿ ಇಟ್ಟೀರಿ ಜೋಕೆ, ನೈಲಾನ್ ಕರಗಿ ತುಂಡಿಗೂ ಇಸ್ತ್ರಿಗೂ ಅಂಟುತ್ತದೆ. ತುಂಡನ್ನು ಉಲ್ಟಾ ಹಾಕಿ, ಇಸ್ತ್ರಿಯನ್ನು ಇಟ್ಟು ಎತ್ತಿ, ಇಟ್ಟು ಎತ್ತಿ ಒತ್ತಬೇಕು. ಅಂಗಿಗೆ ಮಾಡಿದ ಹಾಗೆ ತಳ್ಳುತ್ತ ಹೋದರೆ ಚೌಕ ಸೊಟ್ಟಗಾಗುತ್ತದೆ.

ಅಲ್ಲಲ್ಲಿ ನಾಲ್ಕು ಎಳೆ ಹೊರಬಂದೇ ಇರುತ್ತವೆ. ಎಳೆಯಬೇಡಿ. ಎಳೆದರೆ ಇಡೀ ಬದಿಯ ಎಳೆ ಕಿತ್ತುಬರುತ್ತದೆ. ಕತ್ತರಿಯಿಂದ ಕತ್ತರಿಸಿ. ಆಮೇಲೆ ರಟ್ಟಿನಲ್ಲಿ 4¾ ಇಂಚಿನ ಚೌಕ ಮಾಡಿಟ್ಟುಕೊಂಡು ಎಲ್ಲವನ್ನೂ ಅದಕ್ಕೆ ಸರಿಮಾಡಿ. ಹತ್ತು ತುಂಡು ಹತ್ತು ಬಗೆಯಲ್ಲಿ ಕುಗ್ಗಿರುವುದರಿಂದ ಇದು ಬೇಕೇ ಬೇಕು. ಲೆಕ್ಕವೂ ಬದಲಾಗುತ್ತದೆ: ಕಾಲಿಂಚು ಹೊಲಿಗೆ ಬಿಟ್ಟರೆ ಒಗೆಯದ ಚೌಕ 4½ ಇಂಚು ನಿಲ್ಲುತ್ತಿತ್ತು, ಒಗೆದದ್ದು 4¼ ನಿಲ್ಲುತ್ತದೆ. ಅಡ್ಡಕ್ಕೆ 12 ಹಾಕಿದರೆ 54 ಇಂಚು ಬರಬೇಕಾದಲ್ಲಿ 51 ಬರುತ್ತದೆ. ಆದ್ದರಿಂದ ಸಾಲಿಗೆ ಒಂದು ತುಂಡು ಹೆಚ್ಚಿಗೆ ಒಗೆದಿಟ್ಟಿರಿ.

ರವಿಕೆಯ ಖಣದ ತುಂಡಿಗೆ ಈ ಬಿಸಿನೀರು ಬೇಡ. ಎಳೆ ನುಣುಪು, ನೋಡನೋಡುತ್ತಲೇ ಜಾರುತ್ತದೆ. ಅರ್ಧ ಇಂಚು ಅಂಚು ಒಳಗೆ ಮಡಚಿ ಮೊದಲೇ ಕಚ್ಚಾ ಹೊಲಿಗೆ ಹಾಕಿ, ತಣ್ಣೀರಿನಲ್ಲಿ ಒಂದು ಸಲ ಅದ್ದಿ ತೆಗೆಯಿರಿ. ಕೌದಿಗೆ ಹೇಗೂ ಅಂಚು ಮಡಚಲೇಬೇಕು, ಆ ಕೆಲಸವೂ ಮುಗಿಯಿತು. ಮೂರಿಂಚಿಗಿಂತ ಸಣ್ಣ ಚೂರನ್ನು ಬಲೆಗೂ ಹಾಕಬೇಡಿ. ಊಟದ ತಟ್ಟೆಯಲ್ಲಿ ಬಿಸಿ ನೀರು ಹಾಕಿ ಒಂದೊಂದಾಗಿ ಅದ್ದಿ, ಟವೆಲಿನ ನಡುವೆ ಒತ್ತಿ, ಒದ್ದೆಯಿರುವಾಗಲೇ ಇಸ್ತ್ರಿ ಮಾಡಿ, ಕುಗ್ಗುವಷ್ಟು ಕುಗ್ಗುತ್ತದೆ. ಎರಡೂವರೆ ಇಂಚು ಅಗಲದ ಉದ್ದ ಪಟ್ಟಿಗಳಾದರೆ ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಚಿ, ಎರಡು ತುದಿಗೂ ಎರಡೆರಡು ಹೊಲಿಗೆ ಹಾಕಿಯೇ ಬಲೆಯೊಳಗೆ ಇಡಿ. ಬಿಡಿಯಾಗಿ ಬಿಟ್ಟರೆ ಶಾವಿಗೆ.

ಕೌದಿ ಹೊಲಿಯುವ ದಪ್ಪ ದಾರವನ್ನೂ ಮರೆಯಬೇಡಿ. ಅದೂ ಹತ್ತಿಯದೇ, ಅದೂ ಕುಗ್ಗುತ್ತದೆ, ಕೆಂಪು ದಾರ ಬಣ್ಣವನ್ನೂ ಬಿಡುತ್ತದೆ. ಲಡಿಯನ್ನು ಮೂರು ಕಡೆ ಸಡಿಲವಾಗಿ ಕಟ್ಟಿ, ಅದೇ ಬಿಸಿನೀರಿನಲ್ಲಿ ಬೇರೆಯಾಗಿ ನೆನೆಸಿ, ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಲ್ಲಿ ಒಣಗಿಸಿ. ಕಟ್ಟು ಬಿಚ್ಚುವುದು ಪೂರ್ತಿ ಒಣಗಿದ ಮೇಲೆಯೇ.