ಮಗು ನೋಡುವ ಚಾನೆಲ್ ಸರಿಯಿದೆಯಾ? ಅರ್ಧ ಗಂಟೆ ಕೂತು ನೋಡಿ

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಫೋನಿನಲ್ಲಿ ಬಣ್ಣಗಳ ಹೆಸರು ಹೇಳಿಕೊಡುವ ಒಂದು ಯೂಟ್ಯೂಬ್ ಕಾರ್ಟೂನ್ ಚಾನೆಲ್ ಹಾಕಿಕೊಟ್ಟು, ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ಚೀರಾಟ ಕೇಳಿಸಿತು. ಮಗಳದ್ದಲ್ಲ, ಫೋನಿನದ್ದು. ಹೋಗಿ ನೋಡಿದರೆ ಅವೇ ಮುದ್ದು ಗೊಂಬೆಗಳು, ಅದೇ ಕುಣಿಸುವ ಹಾಡು, ಆದರೆ ಒಂದು ಗೊಂಬೆಯನ್ನು ಮಂಚಕ್ಕೆ ಕಟ್ಟಿಹಾಕಿ ಇನ್ನೊಂದು ಅದಕ್ಕೆ ದೊಡ್ಡ ಸೂಜಿ ಚುಚ್ಚುತ್ತಿತ್ತು. ಮಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಳಲಿಲ್ಲ. ಆ ರಾತ್ರಿ ಮಾತ್ರ ಲೈಟ್ ಆರಿಸಲು ಬಿಡಲಿಲ್ಲ.

ಆವತ್ತಿನಿಂದ ಯಾವ ಚಾನೆಲ್ ಆದರೂ ಸರಿ, ಅವಳ ಕೈಗೆ ಕೊಡುವ ಮೊದಲು ನಾನು ಕೂತು ನೋಡುತ್ತೇನೆ. ಅರ್ಧ ಗಂಟೆ ಸಾಕು.

ಕಾರ್ಟೂನ್ ಅಂದ ಮಾತ್ರಕ್ಕೆ ಅದು ಮಕ್ಕಳದ್ದು ಅಂತ ನಂಬಬೇಡಿ. 2017ರಲ್ಲಿ ಇದೇ ದೊಡ್ಡ ಸುದ್ದಿಯಾಗಿತ್ತು. ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಕಾರ್ಟೂನ್ ಪಾತ್ರಗಳನ್ನೇ ನಕಲು ಮಾಡಿ, ಒಳಗೆ ರಕ್ತ, ಹೊಡೆದಾಟ, ಹೆದರಿಸುವ ದೃಶ್ಯ ತುಂಬಿದ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಮಾತ್ರವಲ್ಲ, ಮಕ್ಕಳಿಗೆಂದೇ ಇರುವ ಯೂಟ್ಯೂಬ್ ಕಿಡ್ಸ್ ಆ್ಯಪ್‌ನಲ್ಲೂ ಸಿಕ್ಕಿದ್ದವು.

ಯೂಟ್ಯೂಬ್ ವಿಡಿಯೋಗಳಿಗೆ ಹಾಕುವ 'ಮೇಡ್ ಫಾರ್ ಕಿಡ್ಸ್' (ಮಕ್ಕಳಿಗಾಗಿ ಮಾಡಿದ್ದು) ಗುರುತಿನ ಬಗ್ಗೆಯೂ ತುಂಬ ಜನರಿಗೆ ತಪ್ಪು ತಿಳಿವಳಿಕೆ ಇದೆ. ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಸಂಗ್ರಹಿಸಿದ ವಿಚಾರದಲ್ಲಿ ಯೂಟ್ಯೂಬ್‌ನ ಒಡೆಯ ಗೂಗಲ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡಿತು, ಆಮೇಲೆ 2020ರ ಜನವರಿಯಿಂದ ಈ ಗುರುತು ಕಡ್ಡಾಯವಾಯಿತು. ಅದನ್ನು ಹೆಚ್ಚಾಗಿ ಹಾಕುವವರು ಚಾನೆಲ್‌ನವರೇ. ಅದು ಇದ್ದರೆ ಕಾಮೆಂಟ್ ಬಂದ್ ಆಗುತ್ತದೆ, ನೋಡುವವರ ಅಭ್ಯಾಸ ಗಮನಿಸಿ ತೋರಿಸುವ ಜಾಹೀರಾತು ನಿಲ್ಲುತ್ತದೆ, ಇಂಥ ಇನ್ನೂ ಕೆಲವು ಸೌಲಭ್ಯ ಇರುವುದಿಲ್ಲ. ಅಷ್ಟೇ. ವಿಡಿಯೋ ಚೆನ್ನಾಗಿದೆ ಅಂತ ಯಾರೋ ಕೂತು ನೋಡಿ ಹಾಕಿದ ಮುದ್ರೆ ಅಲ್ಲ ಅದು.

ಸರಿ, ನೋಡುವುದು ಹೇಗೆ? ಚಾನೆಲ್‌ನ ಪುಟ ತೆರೆದು ವಿಡಿಯೋಗಳ ಪಟ್ಟಿಗೆ ಹೋಗಿ. ಹೊಸದು, ಜನಪ್ರಿಯ, ಹಳೆಯದು ಅಂತ ಬೇರೆ ಬೇರೆಯಾಗಿ ಜೋಡಿಸಿ ನೋಡಬಹುದು. ಮೂರರಿಂದಲೂ ಒಂದೊಂದು ವಿಡಿಯೋ ಆರಿಸಿಕೊಳ್ಳಿ, ಶಾರ್ಟ್ಸ್ (ಚಿಕ್ಕ ವಿಡಿಯೋ) ಇದ್ದರೆ ಅದರಲ್ಲೂ ನಾಲ್ಕೈದು. ಮೊದಲಿನಿಂದ ನೋಡಬೇಡಿ, ಮೊದಲ ನಿಮಿಷ ಎಲ್ಲರದ್ದೂ ಚೆಂದವೇ ಇರುತ್ತದೆ ಅಲ್ವಾ? ನಡುವಿನಿಂದ ಶುರು ಮಾಡಿ, ಕೊನೆಯ ಎರಡು ನಿಮಿಷ ತಪ್ಪದೆ ನೋಡಿ. ಹಳೆಯದು ಯಾಕೆ ಅಂದರೆ, ಚಾನೆಲ್ ಕೈ ಬದಲಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಮೊದಲು ಅಡುಗೆ ತೋರಿಸುತ್ತಿದ್ದ ಚಾನೆಲ್ ಈಗ ಇದ್ದಕ್ಕಿದ್ದಂತೆ ಮಕ್ಕಳ ಹಾಡು ಹಾಕುತ್ತಿದೆ ಅಂದರೆ ನಾನು ಮುಂದೆ ನೋಡಲು ಹೋಗುವುದಿಲ್ಲ.

ಆಮೇಲೆ ಕಣ್ಣು ಮುಚ್ಚಿ ಎರಡು ನಿಮಿಷ ಬರೀ ಕೇಳಿ. ಇದು ನನಗೆ ತುಂಬ ಉಪಯೋಗಕ್ಕೆ ಬಂದಿದೆ. ಒಳ್ಳೆಯ ಮಕ್ಕಳ ಕಾರ್ಯಕ್ರಮದಲ್ಲಿ ಮಾತಿನ ನಡುವೆ ಬಿಡುವು ಇರುತ್ತದೆ. ಪ್ರಶ್ನೆ ಕೇಳಿದರೆ ಮಗು ಉತ್ತರ ಕೊಡಲಿ ಅಂತ ಸುಮ್ಮನೆ ಕಾಯುತ್ತಾರೆ. ಬರೀ ಕಿರುಚಾಟ, ನಗು, ಟಂಗ್ ಟಂಗ್ ಸದ್ದು, ಒಂದು ಕ್ಷಣವೂ ಬಿಡುವಿಲ್ಲ ಅಂದರೆ ಅದು ಮಗುವನ್ನು ಅಲುಗಾಡದಂತೆ ಹಿಡಿದಿಡಲು ಮಾಡಿದ್ದು. ಚಿತ್ರವೂ ಹಾಗೆಯೇ, ಹತ್ತು ಸೆಕೆಂಡಿನಲ್ಲಿ ದೃಶ್ಯ ಎಷ್ಟು ಸಲ ಬದಲಾಯಿತು ಅಂತ ಬೆರಳಲ್ಲಿ ಎಣಿಸಿ ನೋಡಿ.

ಚಾನೆಲ್‌ನ ವಿವರದಲ್ಲಿ ಅದು ಶುರುವಾದ ದಿನ, ಒಟ್ಟು ವಿಡಿಯೋ ಎಷ್ಟು ಅಂತ ಇರುತ್ತದೆ. ಲೆಕ್ಕ ಹಾಕಿ. ದಿನಕ್ಕೆ ಮೂರು ನಾಲ್ಕು ಉದ್ದನೆಯ ಕಾರ್ಟೂನ್ ಬರುತ್ತಿದ್ದರೆ, ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ ಅಂತಲೇ ನನ್ನ ಅನುಮಾನ. ಎಐನಿಂದ ಮಾಡಿ ಹಾಕುವವರು ಈಗ ಜಾಸ್ತಿ. ಗೊಂಬೆಯ ಕೈಬೆರಳು ನೋಡಿ, ಹಿಂದಿನ ಗೋಡೆಯ ಮೇಲಿನ ಅಕ್ಷರ ನೋಡಿ. ಎಣಿಕೆ ಕಲಿಸುವ ಒಂದು ವಿಡಿಯೋದಲ್ಲಿ 'ಐದು' ಅಂತ ಹೇಳುವಾಗ ಪರದೆಯ ಮೇಲೆ ಆರು ಸೇಬು ಇದ್ದವು. ನಾನು ಎರಡು ಸಲ ನಿಲ್ಲಿಸಿ ಎಣಿಸಿದೆ. ಆಗ ತಾನೇ ಎಣಿಸಲು ಕಲಿಯುವ ಮಗುವಿಗೆ ಇದು ಸಣ್ಣ ತಪ್ಪಲ್ಲ.

ಆಟಿಕೆ ಬಿಚ್ಚಿ ತೋರಿಸುವ ಚಾನೆಲ್‌ಗಳಲ್ಲಿ 'ಹಣ ಪಡೆದ ಪ್ರಚಾರ' ಎಂಬ ಸೂಚನೆ ಇದೆಯಾ ಗಮನಿಸಿ. ಪುಟ್ಟ ಮಕ್ಕಳಿಗೆ ಕಥೆ ಯಾವುದು, ಜಾಹೀರಾತು ಯಾವುದು ಅಂತ ಗೊತ್ತಾಗುವುದಿಲ್ಲ. ಇನ್ನು ಅಪ್ಪ ಅಮ್ಮನೇ ತಮ್ಮ ಮಗುವನ್ನು ಹೆದರಿಸಿ, ಅಳಿಸಿ, ಅದನ್ನು ತಮಾಷೆ ಅಂತ ಹಾಕುವ ವಿಡಿಯೋಗಳು. ಅವು ನಮ್ಮ ಮನೆಯಲ್ಲಿ ಬೇಡವೇ ಬೇಡ. ಅಲ್ಲಿ ಅಳುತ್ತಿರುವುದೂ ನಿಜವಾದ ಮಗುವೇ.

ಇಷ್ಟಾದ ಮೇಲೆ ಮಗುವಿನ ಜೊತೆ ಕೂತು ಒಮ್ಮೆ ನೋಡಿ. ಮುಗಿದ ಮೇಲೆ 'ಏನಾಯ್ತು ಕಥೆಯಲ್ಲಿ?' ಅಂತ ಕೇಳಿ. ಮಗು ಏನೋ ಒಂದು ಹೇಳಿದರೆ, ಹಾಡಿದರೆ, ಅದೇ ಆಟ ಆಡಿದರೆ ಒಳ್ಳೆಯ ಗುರುತು. ಏನೂ ನೆನಪಿಲ್ಲ, ಇನ್ನೊಂದು ಬೇಕು ಅಂತ ಮಾತ್ರ ಹಟ, ಆಫ್ ಮಾಡಿದರೆ ಪ್ರತಿ ಸಲವೂ ರಂಪ ಅಂದರೆ ಆ ಚಾನೆಲ್ ಅನ್ನು ಒಂದು ವಾರ ತೋರಿಸಬೇಡಿ, ಏನಾಗುತ್ತದೆ ನೋಡಿ.

ಒಪ್ಪಿಗೆಯಾದರೆ ಯೂಟ್ಯೂಬ್ ಕಿಡ್ಸ್‌ನ ಸೆಟ್ಟಿಂಗ್‌ನಲ್ಲಿ ನೀವು ಒಪ್ಪಿದ ಚಾನೆಲ್‌ಗಳು ಮಾತ್ರ ಕಾಣುವ ಹಾಗೆ ಮಾಡಿಕೊಳ್ಳಬಹುದು. ಹಾಗೆ ಮಾಡಿದರೆ ಮಗುವಿಗೆ ಹುಡುಕಲು ಆಗುವುದಿಲ್ಲ. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವ ಆಟೋಪ್ಲೇ ಕೂಡ ಆಫ್ ಮಾಡಿಬಿಡಿ. ಆಗಾಗ ಹಿಸ್ಟರಿ (ಮಗು ನೋಡಿದ ವಿಡಿಯೋಗಳ ಪಟ್ಟಿ) ತೆರೆದು ನೋಡಿ, ಒಳ್ಳೆಯ ಚಾನೆಲ್ ಕೂಡ ದಾರಿ ಬದಲಿಸುತ್ತದೆ.

ಕೆಟ್ಟದ್ದು ಕಂಡರೆ ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ, ಆದರೆ ಮಗುವಿಗೆ ಬೈಯಬೇಡಿ, ಫೋನ್ ಕಿತ್ತುಕೊಳ್ಳಬೇಡಿ. ನಾನು ಆವತ್ತು ಕಿತ್ತುಕೊಂಡೆ. ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡಳು, ಸೂಜಿಯ ಬಗ್ಗೆ ಬಾಯಿ ಬಿಟ್ಟಿದ್ದು ಮೂರು ದಿನದ ಮೇಲೆ.