ನಿವೃತ್ತರ ಬಳಗಕ್ಕೆ ಏಳು ತಿಂಗಳ ಮಾತುಕತೆ: ತಯಾರಿ ಹೇಗೆ?

ನಿವೃತ್ತರು ಸೇರಿ ಕಲಿಯುವ ಬಳಗವೊಂದನ್ನು ಶುರು ಮಾಡುವುದು ಸುಲಭ, ನಾಲ್ಕನೇ ತಿಂಗಳ ತನಕ ಉಳಿಸಿಕೊಳ್ಳುವುದು ಕಷ್ಟ. ಮೊದಲ ಸಭೆಗೆ ಐವತ್ತು ಜನ ಬರುತ್ತಾರೆ, ಆಮೇಲೆ ಕುರ್ಚಿಗಳು ಖಾಲಿಯಾಗುತ್ತ ಹೋಗುತ್ತವೆ. ಪ್ರತಿ ಸಲವೂ ಹೊರಗಿನ ಅತಿಥಿ, ವೇದಿಕೆ ಮೇಲೆ ನಾಲ್ವರು ಗಣ್ಯರು, ಸ್ವಾಗತ, ಪರಿಚಯ, ಶಾಲು, ಹಾರ, ವಂದನಾರ್ಪಣೆ: ಇಷ್ಟರಲ್ಲೇ ಮುಕ್ಕಾಲು ಗಂಟೆ ಕಳೆದಿರುತ್ತದೆ. ಕೇಳಲು ಬಂದವರ ಪಾಲಿಗೆ ಕೂತು ಚಪ್ಪಾಳೆ ತಟ್ಟುವುದರ ಹೊರತು ಬೇರೆ ಕೆಲಸವಿಲ್ಲ. ಸರಣಿಯನ್ನು ಯೋಜಿಸುವಾಗಲೇ ಇದನ್ನು ಸರಿಪಡಿಸಬೇಕು.

ಹಿರಿಯರ ಕಲಿಕಾ ಕೂಟಗಳಿಗೆ ಎರಡು ಮಾದರಿಗಳಿವೆ. 1973ರಲ್ಲಿ ಫ್ರಾನ್ಸಿನ ತುಲೂಸ್ ನಗರದಲ್ಲಿ ‘ಮೂರನೇ ವಯಸ್ಸಿನ ವಿಶ್ವವಿದ್ಯಾಲಯ’ ಶುರುವಾದಾಗ ಅದು ನಿಜವಾದ ವಿಶ್ವವಿದ್ಯಾಲಯದ ಆಸರೆಯಲ್ಲಿತ್ತು. 1980ರ ದಶಕದ ಆರಂಭದಲ್ಲಿ ಅದೇ ಹೆಸರು ಬ್ರಿಟನ್ನಿಗೆ ಹೋದಾಗ ಸ್ವರೂಪ ಬದಲಾಯಿತು. ಅಲ್ಲಿ ಸದಸ್ಯರೇ ಸದಸ್ಯರಿಗೆ ಕಲಿಸಿದರು. ಪರೀಕ್ಷೆಯೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ನಮ್ಮ ಊರು, ಬಡಾವಣೆಗಳಿಗೆ ಒಗ್ಗುವುದು ಈ ಎರಡನೆಯದು. ಒಂದೇ ಬಡಾವಣೆಯಲ್ಲಿ ನಿವೃತ್ತ ಲೈನ್‌ಮನ್, ಸರ್ವೆಯರ್, ನರ್ಸ್, ಪೋಸ್ಟ್‌ಮಾಸ್ಟರ್, ಬ್ಯಾಂಕ್ ಕ್ಯಾಷಿಯರ್, ಗಣಿತದ ಮೇಡಂ ಇದ್ದೇ ಇರುತ್ತಾರೆ. ಸರಣಿಯ ಅರ್ಧದಷ್ಟಾದರೂ ಮಾತುಗಳು ಇವರವೇ ಆಗಿರಲಿ.

ಮೊದಲು ಪಂಚಾಂಗ, ಆಮೇಲೆ ವಿಷಯ

ಜುಲೈನಿಂದ ಜನವರಿವರೆಗೆ ಏಳು ತಿಂಗಳು, ತಿಂಗಳಿಗೆ ಎರಡು ಸಭೆ, ಒಟ್ಟು 14. ಒಂದು ಉಪನ್ಯಾಸ, ಇನ್ನೊಂದು ಸುಮ್ಮನೆ ಸೇರುವ ಮಿಲನ. ಫೆಬ್ರುವರಿಯಿಂದ ಮೊಮ್ಮಕ್ಕಳ ಪರೀಕ್ಷೆ, ಏಪ್ರಿಲ್-ಮೇನಲ್ಲಿ ಅವರ ರಜೆ. ಅಜ್ಜ ಅಜ್ಜಿ ಊರಲ್ಲಿರುವುದಿಲ್ಲ, ಇದ್ದರೂ ಬಿಡುವಿರುವುದಿಲ್ಲ.

ಆಷಾಢದಲ್ಲಿ ಮದುವೆ, ಗೃಹಪ್ರವೇಶಗಳಿಲ್ಲದ ಕಾರಣ ಸಭಾಂಗಣ ಸುಲಭವಾಗಿ ಸಿಗುತ್ತದೆ, ಜನರೂ ಸಿಗುತ್ತಾರೆ. ಶುರು ಮಾಡಲು ಅದೇ ಒಳ್ಳೆಯ ಹೊತ್ತು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗಿನ ಧನುರ್ಮಾಸಕ್ಕೂ ಇದೇ ಅನುಕೂಲ. ಶ್ರಾವಣದ ಸೋಮವಾರ, ಶುಕ್ರವಾರ, ಶನಿವಾರಗಳು ಪೂಜೆಗೆ ಹೋಗುತ್ತವೆ. ಭಾನುವಾರ ಮಕ್ಕಳು ಮನೆಯಲ್ಲಿರುತ್ತಾರೆ. ಹಾಗಾಗಿ ಬುಧವಾರ ಇಟ್ಟುಕೊಳ್ಳಿ: ಮೊದಲ ಬುಧವಾರ ಉಪನ್ಯಾಸ, ಮೂರನೇ ಬುಧವಾರ ಮಿಲನ. ದಿನ ಒಂದೇ ಇದ್ದರೆ ನೆನಪಿಸುವ ಕೆಲಸ ಅರ್ಧ ಕಡಿಮೆ. ಪಿತೃಪಕ್ಷದಲ್ಲಿ ಹಲವರು ಹೊರಗೆ ತಿನ್ನುವುದಿಲ್ಲ. ಆ ಹದಿನೈದು ದಿನಗಳಲ್ಲಿ ಉಪನ್ಯಾಸ ಇರಬಹುದು, ಊಟದ ಮಿಲನ ಬೇಡ. ಅಧಿಕ ಮಾಸ ಬಂದ ವರ್ಷ ಅದರ ನಂತರದ ಹಬ್ಬಗಳೆಲ್ಲ ಸುಮಾರು ಮೂರು ವಾರ ತಡವಾಗುತ್ತವೆ. ಆದ್ದರಿಂದ ಹಿಂದಿನ ವರ್ಷದ ಪಟ್ಟಿಯನ್ನೇ ನಕಲು ಮಾಡಬಾರದು.

ಸಭಾಂಗಣ: ಕಿವಿಯಿಂದ ಆರಿಸಿ

ಜಾಗ ನೋಡಲು ಹೋದಾಗ ಎಲ್ಲರೂ ಎಷ್ಟು ಕುರ್ಚಿ ಹಿಡಿಯುತ್ತದೆ ಎಂದು ಎಣಿಸುತ್ತಾರೆ. ಎಣಿಸುವ ಮೊದಲು ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಗುಂಯ್ ಎಂದು ಉಳಿದರೆ ಆ ಜಾಗ ಬೇಡ. ವಯಸ್ಸಾದಂತೆ ಮೊದಲು ಕುಗ್ಗುವುದು ತೀಕ್ಷ್ಣ ಸ್ವರಗಳನ್ನು ಕೇಳುವ ಶಕ್ತಿ. ಮಾತು ಕೇಳಿಸುತ್ತದೆ, ಆದರೆ ಸ, ಶ, ತ, ಪ, ಕ ಮುಂತಾದ ವ್ಯಂಜನಗಳು ಜಾರಿ ಹೋಗಿ ಶಬ್ದ ಯಾವುದೆಂದು ತಿಳಿಯುವುದಿಲ್ಲ. ಕಲ್ಯಾಣ ಮಂಟಪದ ನುಣುಪು ಗೋಡೆ, ಗ್ರಾನೈಟ್ ನೆಲಗಳಲ್ಲಿ ಪ್ರತಿಧ್ವನಿಯೂ ಸೇರಿ ಕಲಸಿಹೋಗುತ್ತದೆ. ಧ್ವನಿ ಜೋರು ಮಾಡಿದರೆ ಗುಂಯ್‌ಗುಡುವುದೂ ಜೋರಾಗುತ್ತದೆಯೇ ಹೊರತು ಮಾತು ಸ್ಪಷ್ಟವಾಗುವುದಿಲ್ಲ. 40 ಜನಕ್ಕೆ ದೊಡ್ಡ ಮಂಟಪಕ್ಕಿಂತ ತಗ್ಗು ಸೂರಿನ, ಪರದೆಗಳಿರುವ ಗ್ರಂಥಾಲಯದ ಕೋಣೆಯೋ ಶಾಲೆಯ ಸಭಾ ಕೋಣೆಯೋ ಎಷ್ಟೋ ಮೇಲು.

ಮೈಕ್ ಇರಲೇಬೇಕು. ‘ನನ್ನ ದನಿ ಜೋರು, ಮೈಕ್ ಬೇಡ’ ಎನ್ನುವವರ ಕೈಗೂ ಅದನ್ನು ಕೊಡಿ. ಹತ್ತು ನಿಮಿಷಕ್ಕೆ ದನಿ ಇಳಿಯುತ್ತದೆ. ಗದ್ದದಿಂದ ನಾಲ್ಕು ಬೆರಳಿನಷ್ಟು ದೂರ ಹಿಡಿಯಲಿ. ಮೈಕಿನ ನೇರ ಮೇಲಿನ ಫ್ಯಾನ್ ನಿಲ್ಲಿಸಿ. ಭಾಷಣಕಾರರ ಮುಖದ ಮೇಲೆ ಬೆಳಕಿರಲಿ. ಕಿಟಕಿಗೆ ಬೆನ್ನು ಹಾಕಿ ನಿಂತರೆ ತುಟಿ ಕಾಣುವುದಿಲ್ಲ, ಕಿವಿ ಮಂದವಾದವರು ಅರ್ಧ ಕೇಳುವುದು ತುಟಿ ನೋಡಿಯೇ.

ಉಳಿದದ್ದು ಸರಳ: ನೆಲ ಅಂತಸ್ತು, ಅದೇ ಅಂತಸ್ತಿನಲ್ಲಿ ಕಮೋಡ್ ಇರುವ ಶೌಚಾಲಯ, ಕೈ ಇರುವ ಕುರ್ಚಿ. ಕೈ ಇಲ್ಲದ ಕುರ್ಚಿಯಿಂದ ಮಂಡಿ ನೋವಿನವರು ಏಳುವಾಗ ಮುಂದಿನ ಕುರ್ಚಿ ಹಿಡಿದು ಎಳೆಯುತ್ತಾರೆ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೀಳುತ್ತಾರೆ.

ಒಳಗಿನವರಿಂದ ಮಾತು ಹೊರಡಿಸುವುದು

‘ನನಗೇನು ಗೊತ್ತಿದೆ, ನಾನು ಭಾಷಣ ಮಾಡಿದವನಲ್ಲ’ ಎಂಬುದು ಬಹುತೇಕ ಎಲ್ಲರ ಮೊದಲ ಉತ್ತರ. ‘ನಿಮ್ಮ ಸೇವಾನುಭವದ ಬಗ್ಗೆ ಮಾತಾಡಿ’ ಎಂದು ಕೇಳಿದರೆ ಹೀಗೇ ಆಗುತ್ತದೆ. ಒಪ್ಪಿದರೂ ವರ್ಗಾವಣೆಯ ಊರುಗಳ ಪಟ್ಟಿ ಬರುತ್ತದೆ. ಒಂದು ವಸ್ತು ಅಥವಾ ಒಂದು ಪ್ರಶ್ನೆ ಹಿಡಿದು ಹೋಗಿ. ಸರ್ವೆಯರ್ ಆಗಿದ್ದವರಿಗೆ: ‘ಪಹಣಿ ಓದುವುದು ಹೇಗೆ ಅಂತ ಹೇಳಿಕೊಡ್ತೀರಾ ಸರ್?’ ಪಿತ್ರಾರ್ಜಿತ ಜಮೀನಿನ ಚೂರು ಯಾರಿಗಿಲ್ಲ? ಪ್ರತಿಯೊಬ್ಬರೂ ತಮ್ಮದೊಂದು ಪಹಣಿ ತರಲಿ. 33 ಅಡಿ ಉದ್ದ, 33 ಅಡಿ ಅಗಲ ಸೇರಿ ಒಂದು ಗುಂಟೆ, ಅಂದರೆ 1,089 ಚದರ ಅಡಿ; ಅಂಥ 40 ಸೇರಿ ಎಕರೆ. ಹಗ್ಗ ಹಿಡಿದು ಅಂಗಳದಲ್ಲಿ ಒಂದು ಗುಂಟೆ ಅಳೆದು ತೋರಿಸಿದರೆ ಆ ದಿನದ ಮಾತು ಯಾರಿಗೂ ಮರೆಯುವುದಿಲ್ಲ. ಅಂಚೆ-ತಂತಿ ಇಲಾಖೆಯವರಿಗೆ ತಂತಿ ಸಂದೇಶ ಊರಿಂದ ಊರಿಗೆ ಹೇಗೆ ಹೋಗುತ್ತಿತ್ತು ಎಂದು ಕೇಳಿ. 2013ರ ಜುಲೈನಲ್ಲಿ ಆ ಸೇವೆ ನಿಂತಿತು, ಅದರ ಕೀಲಿ ಬಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ವಿದ್ಯುತ್ ಮಂಡಳಿಯವರಿಗೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಅಷ್ಟು ದೂರ ಕರೆಂಟ್ ಒಯ್ದದ್ದು ಹೇಗೆ ಎಂದು ಕೇಳಿ.

ಆಮೇಲೂ ಹಿಂಜರಿದರೆ ಭಾಷಣ ಬೇಡ, ಸಂವಾದ ಮಾಡಿ. ಎರಡು ಕುರ್ಚಿ, ಒಬ್ಬರು ಕೇಳುವವರು, ಎಂಟು ಪ್ರಶ್ನೆ. ಪ್ರಶ್ನೆಗಳನ್ನು ವಾರ ಮೊದಲೇ ಕೊಟ್ಟಿರಿ. ಮಾತಿನ ಅಭ್ಯಾಸವಿಲ್ಲದ ಹೆಂಗಸರು, ಅದರಲ್ಲೂ ನೌಕರಿ ಮಾಡದೆ ಮನೆ ನಡೆಸಿದವರು ಈ ರೀತಿಯಲ್ಲಿ ಧಾರಾಳವಾಗಿ ಮಾತಾಡುತ್ತಾರೆ. ಅವರನ್ನು ಪಟ್ಟಿಯಿಂದ ಬಿಟ್ಟರೆ ಬಳಗದ ಅರ್ಧ ತಿಳಿವಳಿಕೆಯನ್ನೇ ಬಿಟ್ಟ ಹಾಗೆ.

ಏಳು ಉಪನ್ಯಾಸಗಳಲ್ಲಿ ನಾಲ್ಕು ಒಳಗಿನವರದು, ಮೂರು ಹೊರಗಿನವರದು. ಆರೋಗ್ಯದ ಮಾತು ಒಂದೇ ಸಾಕು. ಪ್ರತಿ ತಿಂಗಳೂ ಕಾಯಿಲೆಯ ವಿಷಯ ಕೇಳಿಸಿದರೆ ಬಂದವರು ಕುಗ್ಗಿ ಮನೆಗೆ ಹೋಗುತ್ತಾರೆ. ಅಕ್ಟೋಬರ್‌ನ ಸಭೆಯನ್ನು ಫೋನ್ ಅಭ್ಯಾಸಕ್ಕೆ ಮೀಸಲಿಡಿ. ಕೇಂದ್ರ ಸರ್ಕಾರದ ಪಿಂಚಣಿದಾರರು ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು, 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಮುಖ ತೋರಿಸಿ ಫೋನಿನಲ್ಲೇ ಕೊಡುವುದನ್ನು ಕೂತು ಕಲಿಯಬಹುದು. ಅದೇ ದಿನ ‘ಡಿಜಿಟಲ್ ಅರೆಸ್ಟ್’ ಬಗ್ಗೆಯೂ, ಅಂದರೆ ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಹೆದರಿಸಿ ಹಣ ಕೀಳುವ ಮೋಸದ ಬಗ್ಗೆಯೂ ಹೇಳಿಸಿ: ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ, ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿ ಕೈಗೆ ಸಿಗದಂತಾಗುತ್ತದೆ.

ಹೊರಗಿನವರನ್ನು ಎರಡು ತಿಂಗಳು ಮೊದಲು ಕೇಳಿ, ಹದಿನೈದು ದಿನ ಮೊದಲು ನೆನಪಿಸಿ, ಹಿಂದಿನ ದಿನ ದಾರಿ ತಿಳಿಸಿ. ಸ್ಲೈಡ್ ತರುವುದಾದರೆ ಎರಡು ದಿನ ಮೊದಲೇ ಪಿಡಿಎಫ್ ಮಾಡಿ ಕಳಿಸಲು ಹೇಳಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್ ಆದರೆ ಈ ತೊಂದರೆ ಇಲ್ಲ. ಅಕ್ಷರದ ಗಾತ್ರ 32ಕ್ಕಿಂತ ಕಡಿಮೆ ಬೇಡ, ಇಲ್ಲವಾದರೆ ಒತ್ತಕ್ಷರಗಳು ಹಿಂದಿನ ಸಾಲಿಗೆ ಕಾಣುವುದೇ ಇಲ್ಲ.

ಆ ದಿನದ ಗಡಿಯಾರ

3.45ಕ್ಕೆ ಬಾಗಿಲು, 4ಕ್ಕೆ ಕಾಫಿ-ತಿಂಡಿ, 4.25ಕ್ಕೆ ಮಾತು, 5ಕ್ಕೆ ಐದು ನಿಮಿಷ ಬಿಡುವು, 5.05ರಿಂದ 5.30 ಪ್ರಶ್ನೋತ್ತರ. ಡಿಸೆಂಬರ್‌ನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕಣ್ಣಿನ ಪೊರೆ ಇರುವವರಿಗೆ ಎದುರಿನ ಗಾಡಿಯ ಬೆಳಕು ಕುಕ್ಕುತ್ತದೆ, ಬೆಳಕಿರುವಾಗಲೇ ಮನೆ ಸೇರಬೇಕು. ಕಾಫಿ ಮೊದಲೇ ಕೊಡುವುದಕ್ಕೂ ಕಾರಣವಿದೆ. ತಡವಾಗಿ ಬಂದವರು ಮಾತಿನ ನಡುವೆ ನುಗ್ಗುವುದು ತಪ್ಪುತ್ತದೆ, ಸಕ್ಕರೆ ಕಾಯಿಲೆಯವರು ಹಸಿದು ಕೂರುವುದಿಲ್ಲ, ಒಬ್ಬರೇ ಬಂದವರಿಗೆ ಪಕ್ಕದವರ ಪರಿಚಯವಾಗುತ್ತದೆ. ಸ್ವಾಗತ ಎರಡು ವಾಕ್ಯ, ವಂದನೆ ಒಂದು. ಬಿಡುವಿನಲ್ಲಿ ಚೀಟಿ ಹಂಚಿ ಪ್ರಶ್ನೆ ಬರೆಸಿಕೊಳ್ಳಿ. ಬಾಯಿಮಾತಿನ ಪ್ರಶ್ನೆಗೆ ಬಿಟ್ಟರೆ ಇಬ್ಬರೋ ಮೂವರೋ ಎದ್ದು ತಾವೇ ಉಪನ್ಯಾಸ ಕೊಡುತ್ತಾರೆ, ಮೆಲುದನಿಯವರಿಗೆ ಸರದಿ ಬರುವುದಿಲ್ಲ.

40 ಜನಕ್ಕೆ ಉಪ್ಪಿಟ್ಟಾದರೆ ಎರಡು ಕಿಲೋ ರವೆ, ಒಗ್ಗರಣೆ ಅವಲಕ್ಕಿಯಾದರೆ ಎರಡು ಕಿಲೋ ಗಟ್ಟಿ ಅವಲಕ್ಕಿ. ಉಪ್ಪು ಕೊಂಚ ಕಡಿಮೆ ಹಾಕಿ, ಉಪ್ಪಿನಕಾಯಿ ಪಕ್ಕಕ್ಕಿಡಿ. ಕಾಫಿ ಐದು ಲೀಟರ್, ಎಲ್ಲವೂ ಸಕ್ಕರೆ ಹಾಕದೆ. ಸಕ್ಕರೆ ಬೇಕಾದವರು ತಾವೇ ಹಾಕಿಕೊಳ್ಳಲಿ.

ಮಿಲನ

ಮಿಲನದ ದಿನ ಕುರ್ಚಿಗಳನ್ನು ಸಾಲಾಗಿ ಇಡಬೇಡಿ, ಆರಾರರಂತೆ ಗುಂಪು ಮಾಡಿ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಬರುತ್ತದೆ. ದಸರೆಯಲ್ಲಿ ಗೊಂಬೆ ಜೋಡಿಸಿ, ಡಿಸೆಂಬರ್‌ನಲ್ಲಿ ಅವರೆಕಾಯಿ ಸುಲಿಯಿರಿ. ಜನವರಿಯಲ್ಲಿ ಎಳ್ಳುಬೆಲ್ಲ: ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ತಲಾ 400 ಗ್ರಾಂ, 40 ಪೊಟ್ಟಣಕ್ಕೆ 50 ಗ್ರಾಂನಂತೆ ಸರಿಹೋಗುತ್ತದೆ. ಕೈ ಗಂಟು ನೋವಿನವರು ಬೆರೆಸಿ ಪೊಟ್ಟಣ ಕಟ್ಟಲಿ, ಉಳಿದವರು ಬೆಲ್ಲ ಹೆಚ್ಚಲಿ. ನವೆಂಬರ್‌ನಲ್ಲಿ ಒಂದು ಹೊರಸಂಚಾರ ಇರಲಿ, ಆದರೆ ಅದು ಆ ವರ್ಷದ ಉಪನ್ಯಾಸವೊಂದರ ಮುಂದುವರಿಕೆಯಾಗಿರಲಿ. ನಿವೃತ್ತ ರೈಲ್ವೆಯವರು ಮಾತಾಡಿದ್ದರೆ ಮೈಸೂರಿನ ರೈಲು ವಸ್ತುಸಂಗ್ರಹಾಲಯ ನೋಡಿ ಬನ್ನಿ. ಹೋಗುವ ಮೊದಲು ಇಬ್ಬರು ಹೋಗಿ ಮೆಟ್ಟಿಲು, ನೆರಳು, ಶೌಚಾಲಯ ನೋಡಿ ಬರಬೇಕು.

ಲೆಕ್ಕ, ಹಾಜರಿ

40 ಜನ ತಲಾ 750 ರೂಪಾಯಿ ಕೊಟ್ಟರೆ 30,000. ಜಾಗದ ಶುಚಿ-ಕರೆಂಟ್ ಖರ್ಚು ಸಭೆಗೆ 500ರಂತೆ 7,000. ಸರಾಸರಿ 35 ಜನಕ್ಕೆ 25 ರೂಪಾಯಿಯ ತಿಂಡಿ 14 ಸಲ, 12,250. ಮಾತಾಡುವವರ ಆಟೊ ಮತ್ತು ಪುಸ್ತಕದ ಕೊಡುಗೆ 550ರಂತೆ ಏಳು ಸಲ, 3,850. ಮುದ್ರಣ ಇತ್ಯಾದಿ 1,500. ಒಟ್ಟು 24,600, ಉಳಿಕೆ 5,400. ನಿಮ್ಮ ಊರಿನ ದರಕ್ಕೆ ತಿದ್ದಿಕೊಳ್ಳಿ. ಹಣ ಒಮ್ಮೆಲೇ ಜುಲೈನಲ್ಲಿ ಪಡೆಯಿರಿ. ಸಭೆಗೊಮ್ಮೆ ವಸೂಲಿ ಮಾಡಿದರೆ ಖಜಾಂಚಿಗೆ ಮಾತು ಕೇಳಲು ಪುರುಸೊತ್ತೇ ಇರುವುದಿಲ್ಲ. ಸಂಘದ ನೋಂದಣಿಗೆ ಕನಿಷ್ಠ ಏಳು ಜನ ಬೇಕು, ಆದರೆ ಮೊದಲ ವರ್ಷ ಅದರ ಗೋಜು ಬೇಡ.

ಹಾಜರಿ ಪುಸ್ತಕ ಮಾತ್ರ ಬೇಕು. ವಾಟ್ಸ್‌ಆ್ಯಪ್ ಸೂಚನೆ ‘ಶುಭೋದಯ’ಗಳ ಕೆಳಗೆ ಹೂತುಹೋಗುತ್ತದೆ, ಆದ್ದರಿಂದ ಹಿಂದಿನ ಸಂಜೆ ಫೋನ್ ಮಾಡಲು ನಾಲ್ವರು, ತಲಾ ಹತ್ತು ಹೆಸರು. ಸತತ ಎರಡು ಸಭೆಗೆ ಬಾರದವರ ಮನೆಗೆ ಒಬ್ಬರು ಹೋಗಿ ಬರಲಿ. ಹಲವು ಸಲ ಕಾರಣ ಬೇಸರವಲ್ಲ. ಬಿದ್ದಿರುತ್ತಾರೆ, ಸಂಗಾತಿಗೆ ಹುಷಾರಿಲ್ಲ, ಅಥವಾ ಸ್ಕೂಟರ್ ಬಿಟ್ಟಿರುತ್ತಾರೆ. ಮೂರನೆಯದಾದರೆ ಅದೇ ರಸ್ತೆಯವರ ಜೊತೆ ಆಟೊ ಹಂಚಿಕೆ ಮಾಡಿಕೊಡಿ. ಜನವರಿಯ ಕೊನೆಯ ಮಿಲನದಲ್ಲಿ ಪ್ರತಿಯೊಬ್ಬರಿಗೂ ಎರಡು ಸಾಲಿನ ಚೀಟಿ ಕೊಡಿ: ಮುಂದಿನ ವರ್ಷ ನೀವು ಕೇಳಬೇಕೆಂದಿರುವುದು ಏನು, ಹೇಳಿಕೊಡಬಲ್ಲದ್ದು ಏನು. ಎರಡನೇ ಸಾಲು ಖಾಲಿ ಬಿಟ್ಟವರ ಮನೆಗೆ ಮೇ ಕೊನೆಗೆ ಕಾಫಿಗೆ ಹೋಗಬೇಕು.